ನಾನು ಕೈಬಿಟ್ಟ ಹೆಸರು

ಭಾನುವಾರ, ಸೆಪ್ಟೆಂಬರ್ 8, 2024. ರಾತ್ರಿ 11.30

ನಿನ್ನೆ ಗಣೇಶನ ಹಬ್ಬ ಆಯ್ತು. ಇವತ್ತು ಮಿಕ್ಕಿದ್ದ ಕಡುಬು ಬಿಸಿ ಮಾಡಿಕೊಂಡು ಮಗಳ ಜೊತೆ ಸಿನಿಮಾ ನೋಡೋಕೆ ಕೂತೆ. ಅವಳು ಪತ್ರಿಕೋದ್ಯಮ ಓದುತ್ತಿದ್ದಾಳೆ. ಹಾಕಿದ್ದು 2016ರ 'ವಿಸ್ಕಿ ಟ್ಯಾಂಗೋ ಫಾಕ್ಸ್‌ಟ್ರಾಟ್'.

ಟಿವಿ ಚಾನೆಲ್‌ನ ಆಫೀಸಲ್ಲಿ ಕೂತು ಕೆಲಸ ಮಾಡುತ್ತಿದ್ದ ಕಿಮ್ ಬೇಕರ್‌ಗೆ ಯುದ್ಧದ ಗಂಧಗಾಳಿ ಗೊತ್ತಿಲ್ಲ. ಅವಳನ್ನು ಕಾಬೂಲ್‌ಗೆ ಕಳಿಸುತ್ತಾರೆ. ಟೀನಾ ಫೇ ಚೆನ್ನಾಗಿ ಮಾಡಿದ್ದಾಳೆ. ಇದಕ್ಕೆ ಮೂಲ ಷಿಕಾಗೊ ಟ್ರಿಬ್ಯೂನ್ ವರದಿಗಾರ್ತಿಯಾಗಿದ್ದ ಕಿಮ್ ಬಾರ್ಕರ್ 2011ರಲ್ಲಿ ಬರೆದ ಅನುಭವಗಳ ಪುಸ್ತಕ.

ಬಾವಿಯ ದೃಶ್ಯ ಇನ್ನೂ ಕಣ್ಣಲ್ಲಿದೆ. ಅಮೆರಿಕದ ಸೈನಿಕರು ಹಳ್ಳಿಯೊಂದರಲ್ಲಿ ಬಾವಿ ಕಟ್ಟಿಸಿರುತ್ತಾರೆ. ಅದು ಮತ್ತೆ ಮತ್ತೆ ಹಾಳಾಗುತ್ತೆ. ಇದು ತಾಲಿಬಾನ್ ಕೆಲಸ ಅಂತ ಎಲ್ಲರ ಲೆಕ್ಕ. ಹಳ್ಳಿಯ ಹೆಂಗಸರು ಕಿಮ್‌ಳನ್ನು ಒಳಗೆ ಕರೆದು ನಿಜ ಹೇಳುತ್ತಾರೆ: ಒಡೆದವರು ನಾವೇ. ದೂರದ ನದಿಗೆ ನೀರಿಗೆ ಹೋಗುವ ಹೊತ್ತೊಂದೇ ಅವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಹೊತ್ತು. ಊರೊಳಗೇ ನೀರು ಬಂದರೆ ಅದೂ ಇಲ್ಲ. ಕೊಡ ಹೊತ್ತು ಕೆರೆಗೆ ಹೋಗಿ ಬಂದವರಿಗೆ ಇದು ಬೇಗ ಅರ್ಥವಾಗುತ್ತೆ, ಅಲ್ವಾ? ಗಂಡಸು ವರದಿಗಾರನಿಗೆ ಈ ಸುದ್ದಿ ಸಿಗುತ್ತಲೇ ಇರಲಿಲ್ಲ.

ಆದರೆ ನನ್ನ ಕಣ್ಣು ಪೂರ್ತಿ ಫಾಹಿಮ್ ಮೇಲೇ ಇತ್ತು. ಕಿಮ್‌ಳ ಫಿಕ್ಸರ್ ಅವನು, ಅಂದರೆ ಹೊರಗಿನ ವರದಿಗಾರರಿಗೆ ಅನುವಾದ, ದಾರಿ, ಭೇಟಿ ಎಲ್ಲ ನೋಡಿಕೊಳ್ಳುವ ಊರಿನವನು. ಭಾಷೆ ಅವನದು, ದಾರಿ ಅವನಿಗೇ ಗೊತ್ತು, ಯಾರ ಮನೆಗೆ ಹೋಗಬಹುದು, ಎಲ್ಲಿಂದ ಬೇಗ ಹೊರಡಬೇಕು ಅನ್ನೋದೂ ಅವನಿಗೇ ಗೊತ್ತು. ಕಿಮ್‌ಗೆ ಅಪಾಯದ ರುಚಿ ಹತ್ತಿದಾಗ, ಇದು ಅಫೀಮಿನ ಚಟ ಇದ್ದ ಹಾಗೆ ಅಂತ ಎಚ್ಚರಿಸುವವನೂ ಅವನೇ. ಇಂಥ ಪಾತ್ರವನ್ನು ಅಫ್ಘನ್ ನಟನಿಗೆ ಕೊಡದೆ ಅಮೆರಿಕದ ಕ್ರಿಸ್ಟೋಫರ್ ಅಬಾಟ್‌ಗೆ ಕೊಟ್ಟಿದ್ದಾರೆ. ಆತ ತೂಕವಾಗಿಯೇ ನಟಿಸಿದ್ದಾನೆ, ಆದರೂ ನನಗೆ ಒಪ್ಪಿಗೆಯಾಗಲಿಲ್ಲ.

ಕೊನೆಯಲ್ಲಿ ಛಾಯಾಗ್ರಾಹಕ ಐಯಾನ್ ಅಪಹರಣ ಆಗುತ್ತೆ. ಹಿನ್ನೆಲೆಯಲ್ಲಿ ಹಾಡು, ರಾತ್ರಿ ಸೈನಿಕರ ದಾಳಿ, ಐಯಾನ್ ಬದುಕಿ ಬರುತ್ತಾನೆ. ಮಗಳು ಚಪ್ಪಾಳೆ ತಟ್ಟಿದಳು. ನನ್ನಿಂದ ಆಗಲಿಲ್ಲ. ಟಿವಿ ನಿಲ್ಲಿಸಿ ಅವಳಿಗೆ 2009ರ ಸೆಪ್ಟೆಂಬರ್ 9ರ ಸಂಜೆಯ ಕತೆ ಹೇಳಿದೆ. ನಾಳೆಗೆ 15 ವರ್ಷ.

ಆಗ ನಾನು ಪತ್ರಿಕೆಯೊಂದರ ಡೆಸ್ಕ್‌ನಲ್ಲಿದ್ದೆ. ಏಜೆನ್ಸಿ ಸುದ್ದಿಗಳನ್ನು ಕನ್ನಡಕ್ಕೆ ಮಾಡುವ ಕೆಲಸ. ಅಫ್ಘಾನಿಸ್ತಾನದ ಕುಂದೂಜ್‌ನಿಂದ ಸುದ್ದಿ ಬಂತು. ಸೆಪ್ಟೆಂಬರ್ 4ರಂದು ತಾಲಿಬಾನ್ ವಶದಲ್ಲಿದ್ದ ಎರಡು ಇಂಧನ ಟ್ಯಾಂಕರ್‌ಗಳ ಮೇಲೆ ನೇಟೊ ವಿಮಾನ ಬಾಂಬ್ ಹಾಕಿತ್ತು. ತುಂಬಾ ಜನ ಸತ್ತಿದ್ದರು. ಅದನ್ನು ವರದಿ ಮಾಡಲು ಹೋದ ನ್ಯೂಯಾರ್ಕ್ ಟೈಮ್ಸ್‌ನ ಸ್ಟೀಫನ್ ಫ್ಯಾರೆಲ್ ಮತ್ತು ಅವರ ಅಫ್ಘನ್ ಸಹೋದ್ಯೋಗಿಯ ಅಪಹರಣ ಆಗಿತ್ತು. ಬ್ರಿಟಿಷ್ ಕಮಾಂಡೊಗಳು ಬೆಳಗಿನ ಜಾವ ದಾಳಿ ಮಾಡಿದರು. ಫ್ಯಾರೆಲ್ ಬದುಕಿದರು. ಆ ಸಹೋದ್ಯೋಗಿ 'ಜರ್ನಲಿಸ್ಟ್' ಅಂತ ಕೂಗುತ್ತಾ ಹೊರಗೆ ಬಂದವರು ಗುಂಡು ತಗುಲಿ ಅಲ್ಲೇ ಸತ್ತರು. ಒಬ್ಬ ಬ್ರಿಟಿಷ್ ಯೋಧನೂ ಸತ್ತ.

ನಾನು ಕೊಟ್ಟ ತಲೆಬರಹ: 'ಅಪಹೃತ ಪತ್ರಕರ್ತನ ರಕ್ಷಣೆ'. ಜಾಗ ಎರಡು ಕಾಲಂ. ಸತ್ತ ಆ ಸಹೋದ್ಯೋಗಿಯ ಹೆಸರಿನ ಕೊನೆಯ ಅಕ್ಷರವನ್ನು ಕನ್ನಡದಲ್ಲಿ 'ದಿ' ಅಂತ ಬರೆಯಬೇಕೋ 'ಡಿ' ಅಂತ ಬರೆಯಬೇಕೋ ಗೊತ್ತಾಗಲಿಲ್ಲ. ಪೇಜ್ ಬಿಡುವ ಹೊತ್ತಾಗಿತ್ತು. 'ಅವರ ಅನುವಾದಕ' ಅಂತ ಬರೆದು ಹೆಸರು ಕೈಬಿಟ್ಟೆ. ಯಾರೂ ಕೇಳಲಿಲ್ಲ.

ಆಮೇಲೆ ಅವರ ಬಗ್ಗೆ ಓದಿದೆ. ಜರ್ಮನಿಯಲ್ಲಿ ಓದುತ್ತಿದ್ದರು, ರಜೆಗೆ ಊರಿಗೆ ಬಂದಿದ್ದರು. ದೇಶ ಬಿಟ್ಟು ಪೂರ್ತಿಯಾಗಿ ಹೋಗಲ್ಲ ಅಂತ ಸಾಯುವ ಕೆಲವೇ ದಿನ ಮುಂಚೆ ಬರೆದಿದ್ದರು.

ಮಗಳು ನೋಟ್‌ಬುಕ್ ತಂದು 'ಅಪ್ಪ, ಸರಿಯಾಗಿ ಹೇಳಿ' ಅಂದಳು. ಸುಲ್ತಾನ್ ಮುನಾದಿ ಅಂದೆ. 'ದಿ', 'ಡಿ' ಅಲ್ಲ. ವಯಸ್ಸು 34. ಮುನಾದಿ ಅಂದರೆ ಡಂಗುರ ಸಾರುವವನು ಅಂತ ಉರ್ದು ಬಲ್ಲ ಗೆಳೆಯ ಹೇಳಿದ್ದನ್ನೂ ಹೇಳಿದೆ. ಅವಳು ಅದನ್ನೂ ಬರೆದುಕೊಂಡಳು.

ಆ ದಿನದ ಪೇಪರ್ ಅಟ್ಟದ ಮೇಲಿನ ಕಟ್ಟಿನಲ್ಲಿದೆ. ನಾಳೆ ಇಳಿಸಬೇಕು.