ಬೀಗರ ಮನೆಯಲ್ಲಿ ಶನಿವಾರ, ರವಿವಾರ: ಹುಬ್ಬಳ್ಳಿಯಿಂದ ಲಂಡನ್ನಿಗೆ

ಅಜ್ಜನ ತಮ್ಮನ ಮೊಮ್ಮಗಳೋ, ಕಾಕಾನ ಬೀಗರೋ ಲಂಡನ್ನಿನಲ್ಲಿದ್ದು "ಎರಡು ದಿನ ನಮ್ಮ ಮನಿಗೆ ಬರ್ರಿ" ಅಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಮೊದಲು ಏಳುವ ಮಾತು, ಏನು ಒಯ್ಯೋಣ ಅಂತ. ಎಲ್ಲರಿಗೂ ನೆನಪಾಗುವುದು ಧಾರವಾಡ ಪೇಢೆ. ಅದನ್ನು ಒಯ್ಯುವಂತಿಲ್ಲ. ಭಾರತದಿಂದ ಹೋಗುವವರು ಹಾಲಿನ ಪದಾರ್ಥ, ಮಾಂಸ ಒಯ್ಯುವುದಕ್ಕೆ ಬ್ರಿಟನ್ನಿನಲ್ಲಿ ನಿಷೇಧವಿದೆ. ಕಾಲುಬಾಯಿ ಬೇನೆಯಂಥ ದನದ ರೋಗಗಳು ಒಳಗೆ ಬರಬಾರದೆಂದು ಈ ಬಿಗಿ. ಪೇಢೆ, ಕುಂದಾ, ತುಪ್ಪ ಮೂರಕ್ಕೂ ಇದೇ ನಿಯಮ. ತಿಳಿಯದೆ ಒಯ್ದಿದ್ದರೆ ಕಸ್ಟಮ್ಸ್‌ನಲ್ಲಿ ತಾವಾಗಿಯೇ ಹೇಳಿ ಕೊಟ್ಟುಬಿಡುವುದು ಒಳ್ಳೆಯದು.

ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಬ್ಯಾಡಗಿ ಖಾರಪುಡಿ ಧಾರಾಳವಾಗಿ ಒಯ್ಯಬಹುದು. ರೊಟ್ಟಿಯನ್ನು ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ಜೋಡಿಸಿ, ಉಳಿದ ಸಂದಿಗೆ ಪೇಪರ್ ತುರುಕಿ, ಅಲುಗಾಡದಂತೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ದೊಡ್ಡ ಬ್ಯಾಗಿಗೆ ಹಾಕಿದರೆ ಮುಟ್ಟುವಷ್ಟರಲ್ಲಿ ಪುಡಿ ಆಗಿರುತ್ತದೆ. ಚಟ್ನಿಪುಡಿ, ಖಾರಪುಡಿ ಮಾತ್ರ ದೊಡ್ಡ ಬ್ಯಾಗಿನಲ್ಲೇ ಇರಲಿ. ಶೇಂಗಾ ಚಟ್ನಿ ಒಯ್ಯುವ ಮೊದಲು ಆ ಮನೆಯ ಮಕ್ಕಳಿಗೆ ಶೇಂಗಾ ಅಲರ್ಜಿ ಇದೆಯೇ ಎಂದು ಫೋನಿನಲ್ಲಿ ಕೇಳಿಕೊಳ್ಳಿ.

ಇನ್ನು ಬಚ್ಚಲುಮನೆ. ಅಲ್ಲಿಯ ಮನೆಗಳಲ್ಲಿ ಸ್ನಾನದ ತೊಟ್ಟಿಯ ಹೊರಗೆ ನೀರು ಹರಿದುಹೋಗಲು ನೆಲದಲ್ಲಿ ಮೋರಿ ಇರುವುದು ಅಪರೂಪ. ಮೇಲಿನ ಮಹಡಿಯ ನೆಲ ಬಹುಪಾಲು ಕಟ್ಟಿಗೆಯದು. ನಮ್ಮ ಹಾಗೆ ತಂಬಿಗೆಯಿಂದ ಹೊಯ್ದುಕೊಂಡರೆ ನೀರು ಹಲಗೆಯ ಸಂದಿಯಲ್ಲಿ ಇಳಿದು ಕೆಳಗಿನ ಕೋಣೆಯ ಛತ್ತಿನಲ್ಲಿ ಕಲೆಯಾಗಿ ಮೂಡುತ್ತದೆ. ತೊಟ್ಟಿಯೊಳಗೇ ನಿಂತು, ಪರದೆಯ ಅಂಚನ್ನು ತೊಟ್ಟಿಯ ಒಳಗೆ ಬಿಟ್ಟುಕೊಂಡು ಸ್ನಾನ ಮಾಡಬೇಕು. ಒಗ್ಗರಣೆ ಹಾಕುವಾಗ ಫ್ಯಾನ್ ಹಾಕಿ ಅಡುಗೆಮನೆಯ ಬಾಗಿಲು ಮುಚ್ಚಿರಿ. ಒಣಮೆಣಸಿನಕಾಯಿಯ ಘಾಟಿಗೆ ಹೊಗೆ ಅಲಾರಂ ಕೂಗುವುದುಂಟು.

ಕರೆದವರಿಗೂ ರಜೆ ಇರುವುದು ಅವೆರಡೇ ದಿನ. ಆದ್ದರಿಂದ ಶನಿವಾರ ನಾವೇ ತಿರುಗಾಡಿ, ರವಿವಾರ ಅವರ ಜೊತೆ ಇರುವುದು ಇಬ್ಬರಿಗೂ ಹಿತ. ನೆಲದಡಿ ಓಡುವ ಟ್ಯೂಬ್ ರೈಲಿಗೂ ಬಸ್ಸಿಗೂ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಸಾಕು. ಊರು ಬಿಡುವ ಮೊದಲೇ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ಬಳಕೆ, ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿಕೊಳ್ಳಿ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು. ಒಳಗೆ ಹೋಗುವಾಗ ಫೋನ್ ಮುಟ್ಟಿಸಿ ಹೊರಬರುವಾಗ ಕಾರ್ಡ್ ಮುಟ್ಟಿಸಿದರೆ, ಖಾತೆ ಒಂದೇ ಇದ್ದರೂ ಯಂತ್ರ ಅದನ್ನು ಎರಡು ಅರೆಬರೆ ಪ್ರಯಾಣ ಎಂದು ಎಣಿಸಿ ಗರಿಷ್ಠ ದರ ಕಡಿಯುತ್ತದೆ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಹಳಿ ರಿಪೇರಿಯನ್ನು ವಾರಾಂತ್ಯದಲ್ಲೇ ಇಟ್ಟುಕೊಳ್ಳುವುದರಿಂದ ಯಾವ ಲೈನ್ ಬಂದ್ ಇದೆ ಎಂದು ಶುಕ್ರವಾರ ರಾತ್ರಿಯೇ ನೋಡಿಡಬೇಕು.

ಬೆಳಿಗ್ಗೆ 10ಕ್ಕೆ ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಪ್ರವೇಶ ಉಚಿತ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಒಯ್ದ ಟಿಪ್ಪುವಿನ ಹುಲಿ ಇಲ್ಲಿದೆ. ಕಟ್ಟಿಗೆಯ ಹುಲಿ ಬ್ರಿಟಿಷ್ ಸಿಪಾಯಿಯ ಮೇಲೆ ಕೂತು ಗಂಟಲಿಗೆ ಬಾಯಿ ಹಾಕಿದೆ. ಹಿಡಿಕೆ ತಿರುಗಿಸಿದರೆ ಸಿಪಾಯಿಯ ಕೈ ಏಳುತ್ತದೆ, ನರಳುವ ಸದ್ದು ಬರುತ್ತದೆ. ಹೊಟ್ಟೆಯ ಪಕ್ಕದ ಮುಚ್ಚಳ ತೆರೆದರೆ ಒಳಗೆ ಪುಟ್ಟ ಆರ್ಗನ್ ಇದೆ. ನಮಗೆ ಮುಟ್ಟಲು ಸಿಗದು, ಗಾಜಿನ ಹೊರಗಿಂದಲೇ ನೋಡಬೇಕು. ಸುತ್ತಲೂ ಹೋಗಿ ಆ ಮುಚ್ಚಳದ ಕಡೆಯಿಂದ ನೋಡುವುದನ್ನು ಬಿಡಬೇಡಿ.

ಅಲ್ಲಿಂದ ಡಿಸ್ಟ್ರಿಕ್ಟ್ ಅಥವಾ ಸರ್ಕಲ್ ಲೈನಿನಲ್ಲಿ ನಾಲ್ಕನೆಯ ಸ್ಟೇಷನ್ ವೆಸ್ಟ್‌ಮಿನ್‌ಸ್ಟರ್. ಸೇತುವೆ ದಾಟಿ ಬಲಕ್ಕೆ ಹೊರಳಿ, ಥೇಮ್ಸ್ ದಂಡೆ ಹಿಡಿದು ನಡೆಯಿರಿ. ಆಚೆ ದಂಡೆಗೆ ಪಾರ್ಲಿಮೆಂಟು, ಈಚೆ ಗೋಡೆಯ ತುಂಬ ಕೋವಿಡ್‌ನಲ್ಲಿ ಸತ್ತವರ ನೆನಪಿಗೆ ಬರೆದ ಕೆಂಪು ಹೃದಯಗಳು. ಲ್ಯಾಂಬೆತ್ ಸೇತುವೆಯ ಬಳಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆ. ಇದು 2015ರ ನವೆಂಬರ್ 14ರಂದು ಅನಾವರಣವಾಯಿತು. ಅನುಭವ ಮಂಟಪ ಕಟ್ಟಿದವರು ಪಾರ್ಲಿಮೆಂಟಿನ ಇಷ್ಟು ಹತ್ತಿರ ನಿಂತಿದ್ದಾರೆ. ನಮ್ಮ ಕಡೆಯವರು ಲಂಡನ್ನಿಗೆ ಹೋಗಿ ಇದನ್ನು ನೋಡದೆ ಬರಬಾರದು. ಡಿಸೆಂಬರ್‌ನಲ್ಲಾದರೆ ಸಂಜೆ ನಾಲ್ಕಕ್ಕೇ ಕತ್ತಲು, ಊಟ ಮುಗಿದ ಕೂಡಲೇ ಇತ್ತ ಹೊರಡಿ.

ರವಿವಾರ ದೊಡ್ಡ ಅಂಗಡಿಗಳು ಆರೇ ತಾಸು ತೆರೆದಿರುತ್ತವೆ. ಎಣ್ಣೆಗಾಯಿಗೆ ಬೇಕಾದ ಸಣ್ಣ ಬದನೆಕಾಯಿ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ, ಶನಿವಾರವೇ ತಂದಿಟ್ಟು ಮರುದಿನ ರೊಟ್ಟಿಯ ಜೊತೆ ಮಾಡಿ ಬಡಿಸಿರಿ. ವಾಪಸಾಗುವಾಗ ಟಿಕೆಟ್‌ನಲ್ಲಿ ಟರ್ಮಿನಲ್ ನಂಬರ್ ನೋಡಿಯೇ ರೈಲು ಹತ್ತಬೇಕು. ಹೀಥ್ರೂ ವಿಮಾನ ನಿಲ್ದಾಣದಲ್ಲಿ ಟರ್ಮಿನಲ್ 4ಕ್ಕೂ 5ಕ್ಕೂ ಬೇರೆ ಬೇರೆ ರೈಲು ಹೋಗುತ್ತವೆ.