ವೆನಿಸ್‌ನಲ್ಲಿ ನಿಂತು ಹುಟ್ಟು ಹಾಕುವವರು

ವೆನಿಸ್‌ಗೆ ಹೋಗಿ ಬಂದವರೆಲ್ಲ ಗೊಂಡೋಲಾ ಎಂಬ ಉದ್ದನೆಯ ದೋಣಿಯಲ್ಲಿ ಕುಳಿತ ಫೋಟೊ ತೋರಿಸುತ್ತಾರೆ. ಹಗಲಿನಲ್ಲಿ ಅರ್ಧ ಗಂಟೆಗೆ 90 ಯೂರೋ ತೆತ್ತು ಮೆತ್ತೆಗೆ ಒರಗುವ ಆ ಸುಖದ ಬಗ್ಗೆ ನನಗೆ ಹೊಟ್ಟೆಕಿಚ್ಚೇನೂ ಇಲ್ಲ. ಆದರೆ ಅಂಬಿಗನ ಕೈಚಳಕ ನೋಡುವ ಆಸೆ ಇದ್ದವರಿಗೆ ಅದು ದಂಡ. ಅವನು ನಿಂತಿರುವುದು ನಮ್ಮ ಬೆನ್ನ ಹಿಂದೆ.

ಹಾಗಾಗಿ ನಾನು ಊರಿನ ಉತ್ತರದ ಕನ್ನಾರೆಜೋ ಕಡೆಗೆ ಹೋದೆ. ಬಂದವರಿಗೆ ಹುಟ್ಟು ಹಾಕುವುದನ್ನು ಕಲಿಸುವ ಹೆಂಗಸರು ಅಲ್ಲಿದ್ದಾರೆ. ಅವರ ದೋಣಿಯ ಹೆಸರು ಬತೇಲಾ. ಮರದ್ದು, ತಳ ಚಪ್ಪಟೆ, ಹಿಂಬದಿ ಸೀಗಡಿಯ ಬಾಲದಂತೆ. ಕಲಿಯುವವರು ಮುಂದೆ, ಕಲಿಸುವವರು ಹಿಂದೆ. ದಿಕ್ಕು ನೋಡಿಕೊಳ್ಳುವ ಹೊಣೆ ಹಿಂದಿನವರದು.

ಇಲ್ಲಿ ಹುಟ್ಟು ಹಾಕುವುದು ನಿಂತುಕೊಂಡೇ, ಮುಂದಕ್ಕೆ ಮುಖ ಮಾಡಿಯೇ. ಊರಿನ ಸುತ್ತ ಸುಮಾರು 550 ಚದರ ಕಿಲೋಮೀಟರ್ ಹರಡಿರುವ ಕಡಲ ಹಿನ್ನೀರಿಗೆ ಬಹುತೇಕ ಕಡೆ ಆಳವೇ ಇಲ್ಲ. ದೋಣಿ ಸಾಗುವಷ್ಟು ಆಳವಿರುವ ದಾರಿಯನ್ನು ಬ್ರಿಕೊಲೆ ಎಂಬ ಮರದ ಕಂಬಗಳು ತೋರಿಸುತ್ತವೆ. ಅವುಗಳ ಮೇಲೆ ಕಣ್ಣಿಡದೆ ಹೊರಟವರು ಇಳಿತದ ಹೊತ್ತಿನಲ್ಲಿ ಕೆಸರಿನಲ್ಲಿ ಕೂರಬೇಕಾದೀತು.

ದೋಣಿಯ ಅಂಚಿಗೆ ಸಿಕ್ಕಿಸಿದ ಆಕ್ರೋಟ್ ಮರದ ಕವೆಗೆ ಫೋರ್ಕೊಲಾ ಎನ್ನುತ್ತಾರೆ. ಹುಟ್ಟನ್ನು ಅದಕ್ಕೆ ಕಟ್ಟಿರುವುದಿಲ್ಲ, ಬರೀ ಆನಿಸಿರುತ್ತಾರೆ. ಹೊಸಬರ ಹುಟ್ಟು ಜಾರುತ್ತಲೇ ಇರುತ್ತದೆ. ಮುಂದಕ್ಕೆ ನೂಕುವುದು ಅರ್ಧ ಕೆಲಸ ಮಾತ್ರ. ಒಂದೇ ಬದಿಯ ಹುಟ್ಟಾದ್ದರಿಂದ, ನೂಕಿದೊಡನೆ ದೋಣಿ ಪಕ್ಕಕ್ಕೆ ಹೊರಳುತ್ತದೆ. ಹುಟ್ಟನ್ನು ಹಿಂದಕ್ಕೆ ತರುವಾಗ ಅಲಗನ್ನು ನೀರಿನಿಂದ ಎತ್ತದೆ, ಮಣಿಕಟ್ಟು ತಿರುಗಿಸಿ, ಓರೆಯಾಗಿ ನೀರೊಳಗೇ ಎಳೆದರೆ ಅದು ಮತ್ತೆ ನೇರವಾಗುತ್ತದೆ. "ತೋಳಲ್ಲ, ಕಾಲು!" ಎಂದು ಹಿಂದಿನಿಂದ ಕೂಗು ಬರುತ್ತಿತ್ತು. ನಿಜವೇ. ಮುಂದಿನ ಕಾಲಿನ ಮೇಲೆ ಮೈಭಾರ ಬಿಟ್ಟಾಗ ದೋಣಿ ತಾನಾಗಿ ಸಾಗಿತು. ಗೊಂಡೋಲಾದಲ್ಲಂತೂ ಈ ಹೊರಳನ್ನು ದೋಣಿ ಕಟ್ಟುವಾಗಲೇ ಲೆಕ್ಕಕ್ಕೆ ಹಿಡಿದಿದ್ದಾರೆ: ಹನ್ನೊಂದು ಮೀಟರ್‌ನಷ್ಟು ಉದ್ದದ ಅದರ ಎಡಬದಿ ಬಲಬದಿಗಿಂತ 24 ಸೆಂಟಿಮೀಟರ್ ಹೆಚ್ಚು ಅಗಲ. ಬೇಕೆಂದೇ ಸೊಟ್ಟಗೆ ಕಟ್ಟಿದ ದೋಣಿ!

ಒಳಗಿನ ಕಾಲುವೆಗಳಲ್ಲಿ ಕುರುಡು ತಿರುವು ಬಂದಾಗಲೆಲ್ಲ "ಓಯೆ!" ಎಂದು ಕೂಗಬೇಕು. ಎದುರಿಗೆ ಏನು ಬಂದೀತೋ ಹೇಳಲಾಗದು. ಕಸ, ಸಿಮೆಂಟ್ ಮೂಟೆ, ಪಾರ್ಸೆಲ್, ಕೊನೆಗೆ ರೋಗಿ ಕೂಡ ಇಲ್ಲಿ ದೋಣಿಯಲ್ಲೇ ಹೋಗಬೇಕು. ಮೋಟಾರು ದೋಣಿ ಹಾದುಹೋದ ಮೇಲೆ ಅಲೆ ಎರಡೂ ಗೋಡೆಗಳಿಗೆ ಬಡಿದು ವಾಪಸ್ಸಾಗುತ್ತದೆ. ನಿಂತವರಿಗೆ ಅದು ಪಾದದಲ್ಲೇ ಗೊತ್ತಾಗುತ್ತದೆ. ನೀರಿನ ಮಟ್ಟದಲ್ಲಿ ಗಾರೆ ಕಳಚಿ ಇಟ್ಟಿಗೆ ಸವೆದಿರುವುದು ಕೈಯಳತೆಯಲ್ಲೇ ಕಾಣುತ್ತದೆ. ಈ ಅಲೆಯ ಕಾಟವನ್ನು ವಿರೋಧಿಸಿಯೇ 1975ರಲ್ಲಿ ವೋಗಾಲೋಂಗಾ ಎಂಬ ದೋಣಿಯಾನ ಆರಂಭವಾಯಿತು. ಬುರಾನೊ ದ್ವೀಪದವರೆಗೆ ಹೋಗಿ ಬರುವ, ಸುಮಾರು 30 ಕಿಲೋಮೀಟರ್ ದೂರದ ಆ ಯಾನದಲ್ಲಿ ಮೋಟಾರಿಗೆ ಜಾಗವಿಲ್ಲ. ಫ್ರಿಜ್ ಹೇರಿಕೊಂಡು ಬರುವವನಿಗೆ ಹುಟ್ಟು ಹಾಕು ಎನ್ನಲಾಗದು, ಒಪ್ಪುತ್ತೇನೆ. ಪ್ರವಾಸಿಗರ ಟ್ಯಾಕ್ಸಿ ದೋಣಿಗಳಿಗೆ ಅಷ್ಟು ಅವಸರವೇಕೆ ಎಂಬುದು ಮಾತ್ರ ನನಗೆ ತಿಳಿಯಲಿಲ್ಲ.

1951ರಲ್ಲಿ ಸುಮಾರು 1,75,000 ಜನರಿದ್ದ ಹಳೆಯ ನಗರದಲ್ಲಿ ಈಗ 50,000 ಜನರೂ ಇಲ್ಲ. ನನಗೆ ಕಲಿಸಿದಾಕೆಯೂ ಬಾಡಿಗೆ ಕಟ್ಟಲಾಗದೆ ಹಿನ್ನೀರಿನಾಚೆಯ ದಡದಲ್ಲಿರುವ ಮೆಸ್ತ್ರೆಗೆ ಹೋಗಿದ್ದಾರೆ. ದಿನವೂ ಬಸ್ಸಿನಲ್ಲಿ ಸೇತುವೆ ದಾಟಿ ಬಂದು ದೋಣಿ ಹತ್ತುತ್ತಾರೆ.

ಕಲಿಯುವ ಉಮೇದಿಲ್ಲದವರು ಸಾಂತಾ ಸೋಫಿಯಾ ಕಡವಿಗೆ ಹೋಗಿ. ತ್ರಗೆತ್ತೊ ಎಂಬ ಕಡವಿನ ಗೊಂಡೋಲಾ ಅಲ್ಲಿಂದ ದೊಡ್ಡ ಕಾಲುವೆ ದಾಟಿಸಿ ರಿಯಾಲ್ಟೊ ಮಾರುಕಟ್ಟೆಗೆ ಬಿಡುತ್ತದೆ. ಪ್ರವಾಸಿಗರಿಗೆ 2 ಯೂರೋ. ಇಬ್ಬರು ಅಂಬಿಗರು, ಒಬ್ಬ ಮುಂದೆ, ಒಬ್ಬ ಹಿಂದೆ. ಮುಂದಿನವನ ಕೈ ಕಣ್ಣೆದುರಿಗೇ ಇರುತ್ತದೆ. ಊರಿನವರು ತರಕಾರಿ ಚೀಲ ಹಿಡಿದು ನಿಂತೇ ದಾಟುತ್ತಾರೆ. ಚಿಲ್ಲರೆ ಇಟ್ಟುಕೊಂಡಿರಿ, ಭಾನುವಾರ, ಸೋಮವಾರ ಹೋಗಬೇಡಿ, ಮೀನು ಮಾರುಕಟ್ಟೆ ಮುಚ್ಚಿರುತ್ತದೆ.