ಕೊಳಚೆ ಹರಿಯುವ ದಿಕ್ಕಿನಲ್ಲಿ

ಕೋಲ್ಕತ್ತದ ಕೊಳಚೆ ಎಲ್ಲಿಗೆ ಹೋಗುತ್ತದೆಂದು ನೋಡಬೇಕಾದರೆ ಸೈನ್ಸ್ ಸಿಟಿಯ ಬಳಿ ಬಾಸಂತಿ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೊರಡಬೇಕು. ಹೂಗ್ಲಿ ನದಿ ಪಶ್ಚಿಮಕ್ಕಿದ್ದರೂ ಅದರ ದಂಡೆಯೇ ಊರಿನ ಎತ್ತರದ ಜಾಗ. ನೆಲವೆಲ್ಲ ಪೂರ್ವಕ್ಕೆ ಇಳಿಜಾರು. ಪಂಪುಗಳು ಎತ್ತಿ ಬಿಟ್ಟ ಕೊಳಚೆ ಅಲ್ಲಿಂದ ಮುಂದೆ ಕಾಲುವೆಯಲ್ಲಿ ತಾನಾಗಿಯೇ ಹರಿಯುತ್ತದೆ. ರಸ್ತೆಯ ಪಕ್ಕದಲ್ಲೇ ಆ ಕಾಲುವೆಗಳು: ಒಂದು ದಿನನಿತ್ಯದ ಕೊಳಚೆಗೆ, ಇನ್ನೊಂದು ಮಳೆನೀರಿಗೆ. ಧಾಪಾದ ಕಸದ ಗುಡ್ಡ ದಾಟುವವರೆಗೂ ಮೂಗು ಮುಚ್ಚಿಕೊಳ್ಳಬೇಕು. ಬಾಂತಲಾ ಎಂಬ ಊರು ತಲುಪುವ ಹೊತ್ತಿಗೆ ವಾಸನೆ ತಗ್ಗಿ, ಎರಡೂ ಕಡೆ ಹಸಿರು ನೀರು ಹರಡಿಕೊಳ್ಳುತ್ತದೆ.

ಕೊಳಚೆ ನೀರಿನಲ್ಲೇ ಮೀನು ಸಾಕುವ ಈ ಕೆರೆಗಳಿಗೆ ಇಲ್ಲಿ ‘ಭೇರಿ’ ಎನ್ನುತ್ತಾರೆ. ಕೆರೆ, ಗದ್ದೆ, ತರಕಾರಿ ಹೊಲ ಎಲ್ಲ ಸೇರಿದ 12,500 ಹೆಕ್ಟೇರ್ 2002ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಹೋಗುವುದಾದರೆ ಚಳಿಗಾಲದ ಕೊನೆಗೆ ಹೋಗಬೇಕು; ಕೆಲಸವೆಲ್ಲ ಆಗಲೇ ಕಣ್ಣಿಗೆ ಕಾಣುವುದು. ಮೊದಲು ಕೆರೆ ಬಸಿದು ತಳವನ್ನು ಬಿಸಿಲಿಗೆ ಒಣಗಿಸುತ್ತಾರೆ, ಹೂಳೆತ್ತಿ ಏರಿಗೆ ಹಾಕುತ್ತಾರೆ, ಸುಣ್ಣ ಎರಚುತ್ತಾರೆ. ಆಮೇಲೆ ತೂಬು ತೆರೆದು ಕೊಳಚೆ ಬಿಟ್ಟು, ಎರಡು ಮೂರು ವಾರ ಸುಮ್ಮನೆ ಬಿಡುತ್ತಾರೆ. ಈ ಸುಮ್ಮನಿರುವುದೇ ಶುದ್ಧೀಕರಣ. ಬ್ಯಾಕ್ಟೀರಿಯಾಗಳು ಕೊಳಕನ್ನು ಒಡೆಯುತ್ತವೆ. ಬಿಡುಗಡೆಯಾದ ಸಾರಜನಕ, ರಂಜಕ ತಿಂದು ಪಾಚಿ ಬೆಳೆಯುತ್ತದೆ. ಪಾಚಿ ಬಿಡುವ ಆಮ್ಲಜನಕದಿಂದ ಬ್ಯಾಕ್ಟೀರಿಯಾಗಳ ಕೆಲಸ ಸಾಗುತ್ತದೆ. ಆಳ ಒಂದೂವರೆ ಮೀಟರ್ ದಾಟದಂತೆ ನೋಡಿಕೊಳ್ಳುತ್ತಾರೆ, ಬಿಸಿಲು ಒಳಗಿಳಿಯಬೇಕಲ್ಲ. ನೀರು ಕಪ್ಪು ಬಿಟ್ಟು ಹಸಿರಿಗೆ ತಿರುಗಿದಾಗ ಪರೀಕ್ಷೆಗೆ ನಾಲ್ಕಾರು ಮೀನುಮರಿ ಬಿಡುತ್ತಾರೆ. ಅವು ಬದುಕಿದರೆ ರೋಹು, ಕಾಟ್ಲಾ, ಮೃಗಾಲ್, ಟಿಲಾಪಿಯಾ.

ಮುಂದಿನದು ಅಳತೆಯ ಆಟ. ಕೊಳಚೆಯೇ ಮೇವಾದ್ದರಿಂದ ಆಗಾಗ ಸ್ವಲ್ಪ ಸ್ವಲ್ಪ ಬಿಡುತ್ತಲೇ ಇರಬೇಕು. ಹೆಚ್ಚಾದರೆ ಪೆಟ್ಟು ಬೀಳುವುದು ಬೆಳಗಿನ ಜಾವ: ರಾತ್ರಿ ಪಾಚಿ ಆಮ್ಲಜನಕ ಕೊಡುವುದಿಲ್ಲ, ತಾನೇ ಉಸಿರಾಡುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ತೂಬು ಮುಚ್ಚಬೇಕು. ಮೋಡ ಮುಚ್ಚಿದ ದಿನಗಳಲ್ಲಿ ಅಪಾಯ ಇನ್ನೂ ಹೆಚ್ಚು. ಏರಿಯಂಚಿಗೆ ಬಿದಿರು ಕಟ್ಟಿ ತಡೆದಿಟ್ಟ ನೀಲಿ ಹೂವಿನ ಜಲಕಳೆಯನ್ನು ಸೋಮಾರಿತನ ಎಂದುಕೊಳ್ಳಬೇಡಿ. ಅಲೆ ಏರಿಯನ್ನು ಕೊರೆಯದಂತೆ ಕಾಯುವುದು ಅದೇ. ಆದರೆ ಚರ್ಮ ಹದಮಾಡುವ ಕಾರ್ಖಾನೆಗಳ ಕ್ರೋಮಿಯಂ ಮಾತ್ರ ಯಾವ ಪಾಚಿಗೂ ಜೀರ್ಣವಾಗದು, ಹೂಳಿಗಿಳಿದು ಕೂರುತ್ತದೆ. ಆ ನೀರನ್ನು ಮೂಲದಲ್ಲೇ ಬೇರ್ಪಡಿಸದೆ ಗತಿಯಿಲ್ಲ.

ಮೀನುಗಾರರು ರೂಢಿಯಿಂದ ಕಲಿತಿದ್ದ ಈ ವಿದ್ಯೆಯನ್ನು 1980ರ ದಶಕದಲ್ಲಿ ಹೊರಜಗತ್ತಿಗೆ ತಿಳಿಸಿದವರು ಎಂಜಿನಿಯರ್ ಧ್ರುವಜ್ಯೋತಿ ಘೋಷ್. 1992ರಲ್ಲಿ ಹೈಕೋರ್ಟು ಕೆರೆಗೆ ಮಣ್ಣು ತುಂಬಿ ಮುಚ್ಚುವುದಕ್ಕೆ ತಡೆ ಹಾಕಿತು, 2006ರಲ್ಲಿ ಇವುಗಳ ರಕ್ಷಣೆಗೆ ಕಾಯ್ದೆಯೂ ಬಂತು. ಆದರೂ ನಗರದ ಕಡೆಯ ಅಂಚಿನಲ್ಲಿ ಕಟ್ಟಡಗಳು ಕೆರೆಗೆ ಎಷ್ಟು ಹತ್ತಿರ ಬಂದಿವೆಯೆಂದು ದಾರಿಯಲ್ಲೇ ಕಾಣುತ್ತದೆ.

ಬೆಳಗಾಗುತ್ತಲೇ ಹೊರಟರೆ ಹರಾಜು ಸಿಗುತ್ತದೆ. ಅಲ್ಯೂಮಿನಿಯಂ ಹಂಡೆಯಲ್ಲಿ ಮೀನು ಜೀವಂತವಾಗಿ ಹೋಗುತ್ತದೆ, ದಾರಿಯುದ್ದಕ್ಕೂ ಒಬ್ಬರು ಅಂಗೈಯಿಂದ ನೀರು ಬಡಿಯುತ್ತಿರುತ್ತಾರೆ, ಗಾಳಿ ಬೆರೆಯಲೆಂದು.

ಹಿಂತಿರುಗುವಾಗ ಬಾಂತಲಾದ ಕಾಲುವೆ ಗೇಟಿನ ಬಳಿ ಇಳಿಯಲೇಬೇಕು. ಗೇಟು ಹಾಕಿ ನೀರಿನ ಮಟ್ಟ ಏರಿಸಿದರಷ್ಟೇ ಕೊಳಚೆ ಭೇರಿಗಳಿಗೆ ಹತ್ತುತ್ತದೆ. ಮಳೆಗಾಲದಲ್ಲಿ ಹಾಗೆ ಮಾಡಿದರೆ ಊರಿನೊಳಗೆ ಬೀದಿಗಳು ಮುಳುಗುತ್ತವೆ. ಗೇಟು ತೆರೆದರೆ ಕೊಳಚೆ ಕೆರೆಗಳನ್ನು ಮುಟ್ಟದೆ ನೇರ ಕುಲ್ಟಿ ನದಿಗೆ.